ಅರಗಿನ ಗೆರೆ

ಗೋಣಿಚೀಲದ ಮೇಲೆ ಬೆನ್ನು ಕೊಟ್ಟು, ಸೆರಗನ್ನು ಸೊಂಟಕ್ಕೆ ಬಿಗಿದು, ಸರಸಮ್ಮ ನುಜ್ಜುಗುಜ್ಜಾದ ತನ್ನ ಕಾರಿನ ಅಡಿಗೆ ತೆವಳಿದಳು. ರಾಮನಗರದ ಪೊಲೀಸ್ ಠಾಣೆಯ ಹಿತ್ತಲು ಅದು. ಜಪ್ತಿ ಮಾಡಿ ತಂದಿದ್ದ ಸೈಕಲ್ಲು, ತಕ್ಕಡಿ, ಒಂದು ಎತ್ತಿನಗಾಡಿಯ ನೊಗದ ನಡುವೆ ಆ ಕಾರನ್ನೂ ತಂದು ನಿಲ್ಲಿಸಿದ್ದರು.

"ಎಡಗಡೆ ಹಿಂದಿನ ಚಕ್ರ ನೋಡಿ ಮೇಡಂ," ಎಂದು ಸಬ್ ಇನ್ಸ್‌ಪೆಕ್ಟರ್ ಕೆಂಚಯ್ಯ ಕುಕ್ಕರಗಾಲಲ್ಲಿ ಕೂತು ಹೇಳಿದ. "ನಾನೇನೂ ಹೇಳಲ್ಲ. ನೀವೇ ನೋಡಿ, ನೀವೇ ಹೇಳಿ."

ಬುಧವಾರ ಬೆಳಿಗ್ಗೆ ಈ ಕಾರು ಮಾಗಡಿ ರಸ್ತೆಯ ಇಳಿಜಾರಿನಲ್ಲಿ ಬ್ರೇಕು ಹಿಡಿಯದೆ ಬಂಡೆಗೆ ಗುದ್ದಿತ್ತು. ಓಡಿಸುತ್ತಿದ್ದ ಅವಳ ತಮ್ಮ ಹನುಮಂತಯ್ಯ ಬೆಂಗಳೂರಿನ ಆಸ್ಪತ್ರೆಯಲ್ಲಿ ಕಣ್ಣು ಬಿಡದೆ ಮಲಗಿದ್ದ. ಅದರ ಹಿಂದಿನ ಭಾನುವಾರ ಆ ಬ್ರೇಕುಗಳನ್ನು ಬಿಚ್ಚಿ ಜೋಡಿಸಿದವಳು ಸರಸಮ್ಮನೇ.

ಆ ಮಾತು ಅವಳ ಎದೆಯೊಳಗೆ ಬುಧವಾರದಿಂದ ಮುಳ್ಳಾಗಿ ಕೂತಿತ್ತು. ತಮ್ಮ ಉಳಿಯುತ್ತಾನೋ ಇಲ್ಲವೋ ಎಂಬುದು ಒಂದು ಭಯ. ಅವನನ್ನು ಆ ಮಂಚಕ್ಕೆ ತಂದು ಮಲಗಿಸಿದ್ದು ನನ್ನ ಕೈಯೇ ಏನೋ ಎಂಬುದು ಅದಕ್ಕಿಂತ ದೊಡ್ಡ ಭಯ.

ಚನ್ನಪಟ್ಟಣದ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವ ಸರಸಮ್ಮನಿಗೆ ಊರಿನಲ್ಲಿ 'ಗ್ರೀಸ್ ಮೇಡಂ' ಎಂದೇ ಹೆಸರು. ಕಂಪನಿಯ ಸರ್ವಿಸ್ ಸ್ಟೇಷನ್ನಿನವರು ಒಮ್ಮೆ ಕೊಟ್ಟ ಬಿಲ್ಲು ನೋಡಿ ಅವಳ ಕಣ್ಣು ಕತ್ತಲಿಟ್ಟಿತ್ತು. ಮಾಡದ ಕೆಲಸಕ್ಕೂ ಬಿಲ್ಲು ಹಾಕಿದ್ದರು. ಅಂದೇ ಶಪಥ ಮಾಡಿ, ಕಾರಿನ ಪುಸ್ತಕ ತರಿಸಿ, ನಟ್ ತಿರುಗಿಸುವ ಪಾನ ಹಿಡಿದು ಕಾರಿನಡಿ ಮಲಗಿದವಳು ಮತ್ತೆ ಆ ಕಡೆ ತಲೆ ಹಾಕಿರಲಿಲ್ಲ. ಹಾದಿಯಲ್ಲಿ ಹೋಗುವವರು ನಿಂತು ನೋಡಿ ನಕ್ಕರು. ಆಡುವವರ ಬಾಯಿಗೆ ಬೀಗ ಹಾಕಲಾದೀತೇ ಎಂದು ಅವಳು ಕೆಲಸ ಮುಂದುವರಿಸಿದಳು.

ಇವತ್ತು ಅದೇ ಜನ ನಗುತ್ತಿರಲಿಲ್ಲ. ಬಸ್ ನಿಲ್ದಾಣದಲ್ಲಿ ಅವಳನ್ನು ಕಂಡು ಮುಖ ತಿರುಗಿಸಿದ್ದರು.

ಕಾರಿನಡಿಯಲ್ಲಿ ಎಣ್ಣೆ ಮತ್ತು ಕೆಂಪು ಮಣ್ಣಿನ ವಾಸನೆ. ಚಕ್ರದ ಹಿಂಬದಿಯಲ್ಲಿ ಬ್ರೇಕ್ ಆಯಿಲ್ ಬರುವ ತೆಳು ಪೈಪು ಬಂದು ಸೇರುವ ಜಾಗಕ್ಕೆ ಒಂದು ಪುಟ್ಟ ನಟ್ ಇದೆ. ಹಳೆಯ ಕಾಲದ ಕಾರು. ನಾಲ್ಕು ಚಕ್ರಕ್ಕೂ ಆಯಿಲ್ಲಿನ ದಾರಿ ಒಂದೇ. ಒಂದು ಕಡೆ ಸೋರಿದರೆ ನಾಲ್ಕೂ ಕಡೆ ಬರಿದು.

ಸರಸಮ್ಮ ಎರಡು ಬೆರಳಿನಲ್ಲಿ ನಟ್ಟನ್ನು ಹಿಡಿಯಲು ಹೋಗಿ ತಡೆದಳು. ಮುಟ್ಟುವ ಅಗತ್ಯವೇ ಇರಲಿಲ್ಲ. ತಿರುಪಿನ ಎಳೆಗಳು ಹೊರಗೆ ಕಾಣುತ್ತಿದ್ದವು. ನಟ್ ಸಡಿಲವಾಗಿತ್ತು.

ಆದರೆ ಅವಳ ಕಣ್ಣು ನೆಟ್ಟದ್ದು ಅದರ ಮೇಲಲ್ಲ. ನಟ್ಟಿನ ಮೇಲಿಂದ ಪಕ್ಕದ ತಗಡಿನ ಮೇಲಕ್ಕೆ ಹಳದಿ ಅರಗಿನ ಗೆರೆಯೊಂದು ಹಾದುಹೋಗಿತ್ತು. ಆ ಗೆರೆ ಎಲ್ಲೂ ತುಂಡಾಗಿರಲಿಲ್ಲ.

"ಗೆರೆ ನಿಮ್ದೇ ತಾನೆ?" ಎಂದ ಕೆಂಚಯ್ಯ.

ಅವಳದೇ ಪದ್ಧತಿ ಅದು. ಅದರ ಬಗ್ಗೆ ಜಂಬ ಕೊಚ್ಚಿಕೊಂಡು ಕೆಂಚಯ್ಯನಿಗೆ ಹೇಳಿದವಳೂ ಅವಳೇ. ನೆರೆಮನೆಯ ಹಾಜಿರಾ ಬೊಂಬೆ ಕಡೆಯುವ ಕಾರ್ಖಾನೆ ಇಟ್ಟುಕೊಂಡಿದ್ದಾಳೆ. ತಿರುಗುವ ಮರಕ್ಕೆ ಬಣ್ಣದ ಅರಗಿನ ಕಡ್ಡಿ ತಾಗಿಸಿ ಬಣ್ಣ ಹತ್ತಿಸುವಾಗ, ಹಿಡಿಯಲಾಗದಷ್ಟು ಗಿಡ್ಡವಾದ ತುಂಡುಗಳು ಉಳಿಯುತ್ತವೆ. ಅವನ್ನು ಸರಸಮ್ಮ ಈಸಿಕೊಳ್ಳುತ್ತಾಳೆ. ಒಂದೊಂದು ನಟ್ ಬಿಗಿ ಮಾಡಿದ ಮೇಲೂ ನಟ್ಟಿನಿಂದ ತಗಡಿಗೆ ಒಂದು ಅರಗಿನ ಗೆರೆ ಎಳೆಯುತ್ತಾಳೆ. ಮುಂದೆ ಯಾವತ್ತಾದರೂ ನಟ್ ತಿರುಗಿದರೆ ಗೆರೆ ಎರಡಾಗುತ್ತದೆ, ಬಗ್ಗಿ ನೋಡಿದರೆ ಸಾಕು, ಗೊತ್ತಾಗುತ್ತದೆ.

ಈಗ ಆ ಜಾಣತನವೇ ಕೊರಳಿಗೆ ಸುತ್ತಿಕೊಂಡಿತ್ತು. ನಟ್ ಸಡಿಲ, ಗೆರೆ ಮಾತ್ರ ಇಡಿಯಾಗಿದೆ ಎಂದರೆ ಅರ್ಥ ಒಂದೇ: ಸಡಿಲವಾಗಿದ್ದಾಗಲೇ ಗೆರೆ ಎಳೆದಿದ್ದಾರೆ.

"ನೀವು ಬಿಗಿ ಮಾಡೋದು ಮರೆತು ಗೆರೆ ಎಳೆದ್ರಿ," ಎಂದು ಕೆಂಚಯ್ಯ ಬೇಸರದಿಂದಲೇ ಹೇಳಿದ. ಅವನಿಗೂ ಅದು ಸಂತೋಷದ ವಿಷಯವಾಗಿರಲಿಲ್ಲ. ಅವನ ಮಗಳು ಅವಳ ಕ್ಲಾಸಿನಲ್ಲೇ ಓದಿದವಳು.

ಸರಸಮ್ಮ ಕಣ್ಣು ಮುಚ್ಚಿ ಭಾನುವಾರವನ್ನು ಮತ್ತೆ ನೆನೆದಳು. ಬಲಗಡೆ ಮುಗಿಸಿದ್ದು ನೆನಪಿದೆ. ಎಡಗಡೆ ಪೈಪು ಕೂರಿಸಿದ್ದು ನೆನಪಿದೆ. ಆಗ ಗಂಡ ಸಿದ್ದಯ್ಯ ಒಳಗಿನಿಂದ ಕಾಫಿಗೆ ಕೂಗಿದ್ದ, ಆರಿ ಹೋಗುತ್ತೆ ಬಾ ಎಂದು. ಎದ್ದು ಹೋದದ್ದು ನಟ್ ಬಿಗಿ ಮಾಡುವ ಮುಂಚೆಯೋ, ಆಮೇಲೋ? ಅಲ್ಲಿಗೆ ಬಂದು ನೆನಪು ನಿಂತುಬಿಡುತ್ತಿತ್ತು. ಮೂರು ರಾತ್ರಿಯಿಂದ ಅಲ್ಲೇ ನಿಲ್ಲುತ್ತಿತ್ತು.

ಸಂಜೆ ಬೈರಾಪಟ್ಟಣದವರೆಗೆ ಓಡಿಸಿ ನೋಡಿದ್ದೆ, ಬ್ರೇಕು ಚೆನ್ನಾಗಿ ಹಿಡಿದಿತ್ತು ಎಂದು ಅವಳು ಹೇಳಿದಳು. ಜೊತೆಗೆ ಯಾರಿದ್ದರು ಎಂದು ಕೆಂಚಯ್ಯ ಕೇಳಿದ. ಯಾರೂ ಇರಲಿಲ್ಲ.

ಸರಸಮ್ಮ ಕೈಚಾಚಿ ತನ್ನ ಚೀಲ ಕೇಳಿದಳು. ಅದರೊಳಗಿಂದ ಶಾಲೆಯ ಭೂತಗನ್ನಡಿ ತೆಗೆದು ಗೆರೆಗೆ ಹಿಡಿದಳು. ಹಳದಿಯ ನಡುವೆ ಎಳ್ಳು ಉದುರಿದ ಹಾಗೆ ಕಪ್ಪು ಚುಕ್ಕಿಗಳಿದ್ದವು. ರಸ್ತೆಯ ಕೊಳೆ ಎಂದುಕೊಂಡಳು. ಗೆರೆಯ ಕೊನೆಯಲ್ಲಿ ಬೇಳೆಕಾಳಿನಷ್ಟು ಗಾತ್ರದ ಅರಗು, ಒತ್ತಿ ಚಪ್ಪಟೆ ಮಾಡಿದ ಹಾಗೆ ಕೂತಿತ್ತು.

ಅವಳು ಗೆರೆ ಎಳೆದು ಬಿಡುತ್ತಾಳೆ. ಒತ್ತುವುದಿಲ್ಲ.

"ಸರ್, ಇದನ್ನ ನೋಡಿ."

ಕೆಂಚಯ್ಯ ಟೋಪಿ ತೆಗೆದಿಟ್ಟು, ಹೊಟ್ಟೆಯನ್ನು ಒಳಗೆಳೆದುಕೊಂಡು, ಬಹಳ ಕಷ್ಟದಿಂದ ಕಾರಿನಡಿ ತಲೆ ತೂರಿಸಿದ. ಕನ್ನಡಿಯಲ್ಲಿ ನೋಡಿದ. ಬಹಳ ಹೊತ್ತು ನೋಡಿದ. ಹೊರಗೆ ಬಂದವನ ಮುಖದ ಬೇಸರ ಹೋಗಿ ಪೊಲೀಸರ ಮುಖ ಬಂದಿತ್ತು.

"ಇದ್ರಲ್ಲಿ ಹೆಬ್ಬೆಟ್ಟಿನ ಅಚ್ಚು ಐತೆ ಮೇಡಂ. ಅರಗು ಬಿಸಿ ಇದ್ದಾಗ ಯಾರೋ ಒತ್ತವ್ರೆ."

ಅಲ್ಲೇ ಠಾಣೆಯ ಮೇಜಿನ ಮೇಲೆ ಅವಳ ಎರಡೂ ಹೆಬ್ಬೆರಳಿಗೆ ಮಸಿ ಹಚ್ಚಿ ಕಾಗದಕ್ಕೆ ಒತ್ತಿಸಿಕೊಂಡ. ಬೆರಳಚ್ಚು ತಜ್ಞರು ನಾಳೆ ಬೆಳಿಗ್ಗೆ ಬೆಂಗಳೂರಿನಿಂದ ಬರುತ್ತಾರೆ, ಆಗ ಅವಳೂ ಠಾಣೆಗೆ ಬರಬೇಕು. ಅಲ್ಲಿಯವರೆಗೆ ತಾನು ಏನೂ ಹೇಳುವುದಿಲ್ಲ ಎಂದ. ಅಚ್ಚು ಅವಳದೇ ಆದರೆ ಕೇಸು ಅವಳ ಮೇಲೆ. ಹನುಮಂತಯ್ಯನಿಗೆ ಹೆಚ್ಚು ಕಮ್ಮಿ ಆದರೆ ಕೇಸಿನ ತೂಕವೇ ಬೇರೆ.

"ನಿಮ್ದಲ್ಲ ಅಂದ್ರೆ?" ಎಂದು ಅವನೇ ಕೇಳಿಕೊಂಡು ಅವನೇ ಉತ್ತರ ಹೇಳಿದ. "ಆಗ ಇದು ಆಕ್ಸಿಡೆಂಟ್ ಅಲ್ಲ. ನಿಮ್ಗೆ ಯಾರ ಮೇಲಾದ್ರೂ ಅನುಮಾನ ಐತಾ?"

ಸರಸಮ್ಮ ಮಸಿ ಒರೆಸಿಕೊಳ್ಳುತ್ತ ಇಲ್ಲ ಎಂದಳು. ಸುಳ್ಳು ಹೇಳಿದಳು. ಅವಳಿಗೆ ಒಬ್ಬನ ಮೇಲೆ ಅನುಮಾನವಿತ್ತು, ಮತ್ತು ಅವನ ಗ್ಯಾರೇಜು ಅಲ್ಲಿಂದ ಕೂಗಳತೆಯಲ್ಲಿತ್ತು.

*

ಸನಾವುಲ್ಲಾ ಒಂದು ಕಾಲಕ್ಕೆ ಕಂಪನಿಯ ಸರ್ವಿಸ್ ಸ್ಟೇಷನ್ನಿನಲ್ಲಿ ಸೂಪರ್‌ವೈಸರ್ ಆಗಿದ್ದವನು. ಆ ಬಿಲ್ಲಿನ ಕೆಳಗೆ ರುಜು ಹಾಕಿದ್ದವನೂ ಅವನೇ. ಬದಲಾಯಿಸಿದ್ದೇವೆ ಎಂದು ಬರೆದಿದ್ದ ಸಾಮಾನು ಬದಲಾಗಿಲ್ಲ ಎಂದು ಸರಸಮ್ಮ ಗಿರಾಕಿಗಳ ಎದುರಿಗೇ ಬಾನೆಟ್ ಎತ್ತಿ ತೋರಿಸಿದ್ದಳು. ಕಂಪನಿಯವರು ತಮ್ಮ ಮರ್ಯಾದೆ ಉಳಿಸಿಕೊಳ್ಳಲು ಅವನ ಕೆಲಸ ತೆಗೆದರು. ಹೊರಗೆ ಹೋಗುವಾಗ ಅವನು ಒಂದು ಮಾತು ಹೇಳಿದ್ದ: ಒಂದಿನ ನಿಮ್ಮ ಕಾರೇ ನಿಮಗೆ ಬುದ್ಧಿ ಹೇಳುತ್ತೆ ಮೇಡಂ.

ಅವನು ಹಾಜಿರಾಳ ತಮ್ಮ. ಸೋಮವಾರ ಅಕ್ಕನ ಮನೆಗೆ ಬಂದಿದ್ದ. ಕಾರು ನಿಲ್ಲುವುದು ಎರಡು ಮನೆಯ ನಡುವಿನ ಓಣಿಯಲ್ಲಿ. ಉಳಿದ ಅರಗಿನ ತುಂಡು ಇರುವುದು ಜಗಲಿಯ ಮೇಲಿನ ಪಾನದ ಪೆಟ್ಟಿಗೆಯಲ್ಲಿ, ಬೀಗವಿಲ್ಲದೆ. ಇಷ್ಟು ಸಾಲದೇ?

ಗ್ಯಾರೇಜಿನ ಬಾಗಿಲಲ್ಲಿ ಅವಳನ್ನು ಕಂಡು ಸನಾವುಲ್ಲಾ ಎದ್ದು ನಿಂತ. ಬೆಂಚು ಒರೆಸಿ ಕೂರಲು ಹೇಳಿದ. ಹನುಮಂತಯ್ಯನವರು ಹೇಗಿದ್ದಾರೆ ಎಂದು ಕೇಳಿದ. ಆ ಮರ್ಯಾದೆಯೇ ಅವಳ ಪಿತ್ತ ಕೆರಳಿಸಿತು.

"ಸೋಮವಾರ ನನ್ನ ಕಾರಿನಡಿ ಮಲಗಿದ್ರಾ?"

"ಮಲಗಿದ್ದೆ," ಎಂದ.

ಇಷ್ಟು ಸಲೀಸಾಗಿ ಒಪ್ಪುತ್ತಾನೆಂದು ಅವಳು ಎಣಿಸಿರಲಿಲ್ಲ.

"ಸುಳ್ಳು ಯಾಕೆ ಹೇಳ್ಲಿ ಟೀಚರಮ್ಮ. ನನ್ನ ಕೆಲಸ ತೆಗೆಸಿದ್ರಿ. ಈಯಮ್ಮ ಅದೇನು ಮಾಡವ್ಳೆ ನೋಡೇ ಬುಡಾನ, ಒಂದಾದ್ರೂ ತಪ್ಪು ಸಿಕ್ರೆ ಊರಿಗೆಲ್ಲ ಹೇಳಾನ ಅಂತ ನುಗ್ಗಿ ನೋಡ್ದೆ. ಒಂದೂ ಸಿಕ್ಕಲಿಲ್ಲ. ನಾಕೂ ಕಡೆ ನಟ್ ಕೈಯಲ್ಲಿ ಹಿಡ್ದು ಅಲ್ಲಾಡ್ಸಿದೆ. ಕಲ್ಲು ಇದ್ದಂಗಿದ್ವು."

ಸರಸಮ್ಮ ಬೆಂಚಿನ ಮೇಲೆ ಕೂತಳು. ಸೋಮವಾರ ನಟ್ ಬಿಗಿಯಾಗಿತ್ತು. ಮೂರು ದಿನದಿಂದ ಯಾರಾದರೂ ಹೇಳಲಿ ಎಂದು ಹಂಬಲಿಸಿದ್ದ ಮಾತು ಅದು. ಹೇಳಿದವನು ಮಾತ್ರ ಅದನ್ನು ಹೇಳಿದರೆ ಯಾರೂ ನಂಬದವನು. ನಂಬುವ ಆಸೆಯಾಯಿತು, ಅದಕ್ಕೇ ನಂಬಲು ಹೆದರಿದಳು.

ನೀವೇ ಸಡಿಲ ಮಾಡಿ, ಹಳೆಯದನ್ನು ಕೆರೆದು ಹೊಸ ಗೆರೆ ಎಳೆದು, ಈಗ ಕಥೆ ಹೇಳುತ್ತಿದ್ದೀರಿ ಎಂದು ಮುಖಕ್ಕೆ ಹೊಡೆದ ಹಾಗೆ ಅಂದಳು. ಅರಗಿನಲ್ಲಿ ಹೆಬ್ಬೆಟ್ಟಿನ ಅಚ್ಚು ಉಳಿದಿರುವುದನ್ನೂ ಹೇಳಿದಳು. ಕೆಂಚಯ್ಯನಿಗೆ ತಿಳಿದಿದ್ದರೆ ಬೈಯುತ್ತಿದ್ದ.

ಸನಾವುಲ್ಲಾ ಗ್ರೀಸಿನ ಡಬ್ಬಿಯಲ್ಲಿ ಬಲಗೈ ಹೆಬ್ಬೆರಳು ಅದ್ದಿ, ಬೆಂಚಿನ ಮೇಲಿದ್ದ ಹಳೇ ಪತ್ರಿಕೆಯ ಅಂಚಿಗೆ ಒತ್ತಿದ. ಆಮೇಲೆ ಎಡಗೈಯದು. ಹರಿದು ಅವಳ ಕೈಗೆ ಕೊಟ್ಟ. ಬಲಗೈ ಅಚ್ಚಿನ ನಟ್ಟನಡುವೆ ಹಳೆಯ ಗಾಯದ ಬಿಳಿ ಗೀರು ಅಡ್ಡ ಬಿದ್ದಿತ್ತು. ಎಡಗೈ ಹೆಬ್ಬೆರಳಿನ ತುದಿಯೇ ಇರಲಿಲ್ಲ. ಯಾವಾಗಲೋ ಫ್ಯಾನ್ ಬೆಲ್ಟಿಗೆ ಸಿಕ್ಕಿ ಹೋಗಿತ್ತು.

ಠಾಣೆಯಲ್ಲಿ ಅವಳು ಭೂತಗನ್ನಡಿಯಲ್ಲಿ ನೋಡಿದ್ದ ಅಚ್ಚು ನಯವಾಗಿ, ಇಡಿಯಾಗಿ, ನೀರಿಗೆ ಕಲ್ಲು ಹಾಕಿದ ಹಾಗೆ ಸುತ್ತು ಸುತ್ತಾಗಿತ್ತು.

ಕಾಗದ ಹಿಡಿದು ಸರಸಮ್ಮ ತಲೆ ತಗ್ಗಿಸಿದಳು. ಕ್ಷಮೆ ಕೇಳಬೇಕೆನಿಸಿತು, ಅವನು ಕಾಯಲಿಲ್ಲ. ತಿರುಗಿ ತನ್ನ ಕೆಲಸಕ್ಕೆ ಕೂತ. ಯಾರದೋ ಜೀಪಿನ ಗೇರಿನ ಮರದ ಗುಂಡಿಯನ್ನು ಮೋಟಾರಿಗೆ ಸಿಕ್ಕಿಸಿ ತಿರುಗಿಸಿ, ಕೆಂಪು ಅರಗಿನ ಕಡ್ಡಿ ತಾಗಿಸಿದ. ಬೊಂಬೆ ಕೆಲಸದವರ ಮನೆಯಲ್ಲಿ ಹುಟ್ಟಿದ ಕೈ. ತಿರುಗುವ ಬಿಸಿಗೆ ಅರಗು ತಾನೇ ಕರಗಿ, ಕನ್ನಡಿಯಂತೆ ಹೊಳೆಯುತ್ತ ಮರಕ್ಕೆ ಹತ್ತಿತು. ಒಂದೇ ಒಂದು ಕಪ್ಪು ಚುಕ್ಕಿಯೂ ಇರಲಿಲ್ಲ.

ಕಪ್ಪು ಚುಕ್ಕಿ.

ಸರಸಮ್ಮ ತಟ್ಟನೆ ತಲೆ ಎತ್ತಿದಳು. ಅರಗಿನ ತುಂಡು ಮೊದಲ ಸಲ ಕೊಟ್ಟಾಗ ಹಾಜಿರಾ ಅವಳಿಗೆ ಒಂದೇ ಒಂದು ಎಚ್ಚರಿಕೆ ಹೇಳಿದ್ದಳು: ಬೆಂಕಿಗೆ ಮಾತ್ರ ಹಿಡಿಯಬೇಡ, ಮಸಿ ಕೂರುತ್ತೆ, ಬಣ್ಣ ಕೆಡುತ್ತೆ. ಅದಕ್ಕೇ ಸರಸಮ್ಮ ಸ್ಕ್ರೂಡ್ರೈವರಿನ ತುದಿ ಕಾಯಿಸಿ ನಟ್ಟಿಗೆ ಇಟ್ಟು, ನಟ್ ಬಿಸಿಯಾದ ಮೇಲೆ ಅರಗು ತಾಗಿಸುತ್ತಿದ್ದಳು. ಅವಳ ಗೆರೆಗಳಲ್ಲಿ ಮಸಿ ಇರುವುದಿಲ್ಲ. ಉಳಿದ ಮೂರು ಚಕ್ರದ ಗೆರೆಗಳು ಅಷ್ಟೇ ರಸ್ತೆ ತುಳಿದಿದ್ದರೂ ಅರಿಶಿನದ ಹಾಗೆ ಶುದ್ಧವಾಗಿದ್ದವು.

ಆ ಚುಕ್ಕಿಗಳು ರಸ್ತೆಯ ಕೊಳೆಯಲ್ಲ. ದೀಪದ ಮಸಿ. ಯಾರೋ ಅರಗನ್ನು ಬೆಂಕಿಗೆ ಹಿಡಿದು ಕರಗಿಸಿದ್ದರು.

ಹಾಗಾದರೆ ಅದು ನನ್ನ ಕೈಯಲ್ಲ. ಅವಳ ಕಣ್ಣಲ್ಲಿ ನೀರು ಬಂತು. ಸನಾವುಲ್ಲಾನ ಗ್ಯಾರೇಜಿನಲ್ಲಿ, ಅವನ ಎದುರಿಗೇ, ನಾಚಿಕೆ ಬಿಟ್ಟು ಅತ್ತಳು. ಅವನ ಕೈಯೂ ಅಲ್ಲ ಎಂಬುದು ಆಗಲೇ ಹೊಳೆದಿತ್ತು. ಅರಗಿನ ಮನೆಯವನು ನಿದ್ದೆಗಣ್ಣಿನಲ್ಲೂ ಅರಗನ್ನು ಬೆಂಕಿಗೆ ಹಿಡಿಯಲಾರ. ಗೆರೆಗಳನ್ನು ನೋಡಿ ಬಲ್ಲವರು, ಎಳೆಯುವುದನ್ನು ನೋಡದವರು, ಅಂಥವರು ಮಾಡಿದ ಕೆಲಸ ಇದು.

ಸನಾವುಲ್ಲಾ ಮೋಟಾರು ನಿಲ್ಲಿಸಿದ. ಅವಳು ಹೇಳಿದ್ದನ್ನೆಲ್ಲ ಕೇಳಿ, ಬೇರೆಯದೇ ಪ್ರಶ್ನೆ ಹಾಕಿದ.

"ಬುಧವಾರ ಮಾಗಡಿಗೆ ಹೋಗ್ಬೇಕು ಅಂತಿದ್ದೋರು ಹನುಮಂತಯ್ಯನೋರಾ?"

"ಇಲ್ಲ," ಎಂದಳು ಸರಸಮ್ಮ. "ನಾನು."

ಹೇಳಿದ ಮೇಲೆ ಆ ಮಾತು ಅವಳ ಕಿವಿಗೇ ಬಿತ್ತು.

ಮಾಗಡಿಯಲ್ಲಿ ದೊಡ್ಡಮ್ಮ ದೊಡ್ಡಲಕ್ಷ್ಮಮ್ಮ ಕಾಯಿಲೆ ಮಲಗಿದ್ದಳು. ನೋಡಿ ಬರಲು ರಜೆ ಕೇಳಿಯೂ ಆಗಿತ್ತು. ಮಂಗಳವಾರ ಸಂಜೆ ಶಾಲೆಗೆ ತಪಾಸಣೆಯವರು ಬರುತ್ತಾರೆಂದು ಹೆಡ್‌ಮಾಸ್ಟರು ರಜೆ ರದ್ದು ಮಾಡಿದರು. ಬುಧವಾರ ಸಿದ್ದಯ್ಯ ಮನೆಯಲ್ಲಿಲ್ಲದಾಗ, ಅವಳು ಶಾಲೆಗೆ ಹೊರಡುವ ಹೊತ್ತಿಗೆ ಹನುಮಂತಯ್ಯ ಬಂದ. ನಾನಾದರೂ ನೋಡಿಕೊಂಡು ಬರುತ್ತೇನಕ್ಕಾ ಎಂದ. ಅವಳೇ ಬೀಗದ ಕೈ ಅವನ ಅಂಗೈಗೆ ಹಾಕಿದ್ದಳು.

ಅಲ್ಲಿಯವರೆಗೆ ತಮ್ಮನನ್ನು ತಾನೇ ಸಾವಿನ ಬಾಯಿಗೆ ದೂಡಿದೆನೇನೋ ಎಂದು ಹೆದರಿದ್ದ ಸರಸಮ್ಮನಿಗೆ ಈಗ ಬೇರೆ ಭಯ ಹಿಡಿಯಿತು. ಆ ಬಂಡೆ ಕಾಯುತ್ತಿದ್ದದ್ದು ಅವಳಿಗಾಗಿ.

*

ಬಸ್ಸಿನಲ್ಲಿ ಸೀಟು ಸಿಕ್ಕರೂ ಅವಳಿಗೆ ಕೂತ ಹಾಗನಿಸಲಿಲ್ಲ. ಪಕ್ಕದಲ್ಲಿ ಕೂತವರ ಕೈಗಳನ್ನು ನೋಡಿದಳು. ಮುಂದಿನ ಸೀಟಿನ ಕಂಬಿ ಹಿಡಿದಿದ್ದವರ ಹೆಬ್ಬೆರಳುಗಳನ್ನು ನೋಡಿದಳು. ತಾನು ಯಾರಿಗೆ ಏನು ಮಾಡಿದ್ದೇನೆ ಎಂದು ಲೆಕ್ಕ ಹಾಕಿದಳು. ಫೇಲಾದ ಮಕ್ಕಳ ತಂದೆಯರು ನೆನಪಾದರು. ಕಂಪನಿಯ ಮ್ಯಾನೇಜರು ನೆನಪಾದ. ಯಾರೂ ಈ ಅಳತೆಗೆ ಹೊಂದಲಿಲ್ಲ. ಪರೀಕ್ಷೆಯಲ್ಲಿ ಕಡಿಮೆ ನಂಬರು ಕೊಟ್ಟರೆಂದು ಯಾರಾದರೂ ಬ್ರೇಕು ಸಡಿಲ ಮಾಡುತ್ತಾರೆಯೇ?

ಚನ್ನಪಟ್ಟಣದಲ್ಲಿ ಇಳಿದಾಗ ದೀಪ ಹಚ್ಚುವ ಹೊತ್ತು. ಓಣಿಯಲ್ಲಿ ಕಾರು ನಿಲ್ಲುತ್ತಿದ್ದ ಜಾಗ ಬರಿದಾಗಿತ್ತು. ನೆಲದ ಮೇಲೆ ಹಳೆಯ ಆಯಿಲ್ಲಿನ ಕಲೆ ಮಾತ್ರ ಉಳಿದಿತ್ತು. ಹಾಜಿರಾಳ ಕಾರ್ಖಾನೆಯಿಂದ ಅರಗಿನ ವಾಸನೆ ಬರುತ್ತಿತ್ತು. ಇಷ್ಟು ವರ್ಷ ಹಿತವೆನಿಸುತ್ತಿದ್ದ ಆ ವಾಸನೆಗೆ ಇವತ್ತು ಸೆರಗನ್ನು ಮೂಗಿಗೆ ಹಿಡಿದು ನಡೆದಳು.

ಮನೆಗೆ ಬಂದ ಮೇಲೆ ಮಾತ್ರ ಸ್ವಲ್ಪ ಜೀವ ಬಂದಂತಾಯಿತು. ಸಿದ್ದಯ್ಯ ಅಡುಗೆ ಮಾಡಿಟ್ಟಿದ್ದ. ಸೊಪ್ಪಿನ ಸಾರು, ಬಿಸಿ ಮುದ್ದೆ. ಅಂಚೆ ಕಚೇರಿಯಲ್ಲಿ ಪಾರ್ಸೆಲ್ಲಿನ ಕೌಂಟರಿನಲ್ಲೇ ಕೂತು ನಿವೃತ್ತನಾದ ಮನುಷ್ಯ. ಮಾತು ಕಡಿಮೆ, ಕೆಲಸ ಅಚ್ಚುಕಟ್ಟು. ಹೆಂಡತಿ ನಡುಬೀದಿಯಲ್ಲಿ ಕಾರಿನಡಿ ಮಲಗುವುದು ಅವನಿಗೆ ಇಷ್ಟವಿರಲಿಲ್ಲ. ಊರವರು ತನ್ನನ್ನು 'ಗ್ರೀಸ್ ಮೇಡಂ ಗಂಡ' ಎನ್ನುತ್ತಾರೆಂದು ಒಮ್ಮೆ ಹೇಳಿದ್ದ. ಅದೂ ಜಗಳವಾಡಿಯಲ್ಲ, ಹಾಗೇ ಸುಮ್ಮನೆ.

ಕೆಂಚಯ್ಯ ಏನಂದ ಎಂದು ಸಿದ್ದಯ್ಯ ಕೇಳಿದ. ನಟ್ ಸಡಿಲವಿತ್ತು ಎಂದಷ್ಟೇ ಅವಳು ಹೇಳಿದಳು. ಅಚ್ಚಿನ ವಿಷಯವನ್ನು ಊಟವಾದ ಮೇಲೆ ಸಮಾಧಾನವಾಗಿ ಹೇಳೋಣ ಎಂದುಕೊಂಡಳು.

"ಮರ್ತೆ ಅಂತ ಬರ್ಕೊಟ್ಬುಡು ಸರಸಾ," ಎಂದ ಅವನು, ಅವಳ ತಟ್ಟೆಗೆ ಸಾರು ಬಡಿಸುತ್ತ. "ಮರೆಯೋದು ಮನುಷ್ಯರಿಗೆ ಸಹಜ. ಲಾಯರ್‌ನ ಕೇಳಿವ್ನಿ. ಜೈಲು ಗೀಲು ಏನೂ ಆಗಾಕಿಲ್ಲ. ಆ ಹಾಳು ಕಾರು ಹೋಯ್ತಲ್ಲ, ಅದೇ ಒಳ್ಳೇದಾಯ್ತು."

ಅವನ ದನಿಯಲ್ಲಿ ಅಕ್ಕರೆ ಇತ್ತು. ಸರಸಮ್ಮ ಮುದ್ದೆ ಮುರಿದಳು.

ಸಿದ್ದಯ್ಯ ತನ್ನ ಪಾಡಿಗೆ ಕೆಲಸ ಮಾಡುತ್ತಿದ್ದ. ಹನುಮಂತಯ್ಯನ ಹೆಂಡತಿ ಮಾರಮ್ಮ ಮೂರು ದಿನದಿಂದ ಆಸ್ಪತ್ರೆಯ ವರಾಂಡದಲ್ಲೇ ಇದ್ದಳು, ಹೋಟೆಲ್ಲಿನ ಊಟ ಸೇರುತ್ತಿರಲಿಲ್ಲ. ಅವಳಿಗೆಂದು ಒಂದು ಬಾಟಲಿ ಮಾವಿನಕಾಯಿ ಉಪ್ಪಿನಕಾಯಿ ತುಂಬಿ, ಬಸ್ಸಿನಲ್ಲಿ ಎಣ್ಣೆ ಚೆಲ್ಲಬಾರದೆಂದು ಮುಚ್ಚಳದ ಸುತ್ತ ಬಟ್ಟೆ ಕಟ್ಟಿದ.

ಗೂಡಿನಿಂದ ಮೋಂಬತ್ತಿ ತೆಗೆದು ಹಚ್ಚಿದ. ಅದರ ಪಕ್ಕದಿಂದಲೇ ಒಂದು ಅರಗಿನ ಕಡ್ಡಿ ತೆಗೆದ. ಪಾರ್ಸೆಲ್ಲಿಗೆ ಮುದ್ರೆ ಹಾಕುವ ಕೆಂಪು ಅರಗು. ನಿವೃತ್ತನಾಗುವಾಗ ಉಳಿದ ಕಡ್ಡಿಗಳನ್ನು ಮನೆಗೆ ತಂದಿದ್ದ. ತುಪ್ಪದ ಜಾಡಿಯಿರಲಿ, ಜೇನಿನ ಸೀಸೆಯಿರಲಿ, ಮುಚ್ಚಿ ಅರಗು ಹಾಕದಿದ್ದರೆ ಅವನಿಗೆ ನಿದ್ದೆ ಬಾರದು. ಇದನ್ನು ಸರಸಮ್ಮ ಅದೆಷ್ಟು ಸಲ ನೋಡಿದ್ದಾಳೋ. ಅದಕ್ಕೇ ಇವತ್ತಿನವರೆಗೆ ಗಮನವಿಟ್ಟು ನೋಡಿರಲಿಲ್ಲ.

ಕಡ್ಡಿಯ ತುದಿಯನ್ನು ಅವನು ಬೆಂಕಿಗೆ ಹಿಡಿದ. ಮೋಂಬತ್ತಿಯ ಉರಿ ಅರಗನ್ನು ನೆಕ್ಕಿ ಸಣ್ಣಗೆ ಹೊಗೆ ಎಬ್ಬಿಸಿತು. ತುದಿ ಕಪ್ಪಾಗಿ, ಮೆತ್ತಗಾಗಿ, ತೊಟ್ಟಿಕ್ಕಲು ಸಿದ್ಧವಾಯಿತು. ಗಂಟಿನ ಮೇಲೆ ಒಂದು ಗೆರೆ ಎಳೆದು, ಕೊನೆಯಲ್ಲಿ ಒಂದು ತೊಟ್ಟು ಬಿಟ್ಟ. ಅಂಚೆಯ ಹಿತ್ತಾಳೆ ಮುದ್ರೆಯನ್ನು ಇಲಾಖೆಗೆ ಒಪ್ಪಿಸಿ ಬಂದ ಮೇಲೆ ಅವನಿಗೆ ಮುದ್ರೆ ಎಂದರೆ ತನ್ನ ಬೆರಳೇ. ಬಲಗೈ ಹೆಬ್ಬೆರಳನ್ನು ನಾಲಿಗೆಗೆ ಮುಟ್ಟಿಸಿ ಒದ್ದೆ ಮಾಡಿಕೊಂಡು, ಆ ತೊಟ್ಟಿನ ಮೇಲೆ ಹದವಾಗಿ ಒತ್ತಿ, ತೆಗೆದ.

ಊದಿ ಆರಿಸಿ ಬಾಟಲಿಯನ್ನು ಅವಳ ತಟ್ಟೆಯ ಪಕ್ಕಕ್ಕೆ ಇಟ್ಟ.

ಕೆಂಪು ಅರಗಿನೊಳಗೆ ಎಳ್ಳಿನ ಹಾಗೆ ಕಪ್ಪು ಚುಕ್ಕಿಗಳಿದ್ದವು. ಕೊನೆಯಲ್ಲಿ ಬೇಳೆಕಾಳಿನಷ್ಟು ಚಪ್ಪಟೆ ಬೊಟ್ಟು. ಅದರೊಳಗೆ ನಯವಾದ, ಇಡಿಯಾದ, ಸುತ್ತು ಸುತ್ತಾದ ಗೆರೆಗಳು. ಭೂತಗನ್ನಡಿ ಚೀಲದಲ್ಲೇ ಇತ್ತು. ಬೇಕಾಗಲಿಲ್ಲ.

ಸರಸಮ್ಮನ ಕೈಯಲ್ಲಿದ್ದ ತುತ್ತು ತಟ್ಟೆಗೆ ಬಿತ್ತು.

ಇರಲಾರದು ಎಂದುಕೊಂಡಳು. ಬೀದಿಯ ಜನ ನಗುತ್ತಾರೆಂಬ ನಾಚಿಕೆಗೆ, ಒಂದಿಷ್ಟು ಆಯಿಲ್ ಸೋರಿದರೆ ಇವಳು ಹೆದರಿ ಪಾನ ಕೆಳಗಿಡುತ್ತಾಳೆ ಎಂದು ಮಾಡಿದ್ದಿರಬಹುದು. ನಟ್ ಎಷ್ಟು ತಿರುಗಿಸಿದರೆ ಎಷ್ಟು ಸೋರುತ್ತದೆ ಎಂದು ಪಾರ್ಸೆಲ್ಲಿನ ಗುಮಾಸ್ತನಿಗೆ ಏನು ಗೊತ್ತು? ಮೂರ್ಖತನ ಇರಬಹುದು. ಮೂರ್ಖತನವೇ ಇರಲಿ ದೇವರೇ ಎಂದು ಬೇಡಿಕೊಂಡಳು.

ಆಗಲೇ ಮಂಗಳವಾರ ಬೆಳಗಿನ ಒಂದು ಮಾತು ನೆನಪಾಯಿತು. ನಾಳೆ ಬಸ್ಸಿನಲ್ಲೇ ಮಾಗಡಿಗೆ ಹೋಗುತ್ತೇನೆ ಎಂದಿದ್ದಳು ಅವಳು. ಆ ಕಾರನ್ನು ಕಂಡರೆ ಆಗದ ಮನುಷ್ಯ ಅಂದು ತಾನಾಗಿ ಹೇಳಿದ್ದ: ಬಸ್ಸಲ್ಲಿ ಯಾಕೆ ನುಗ್ಗಾಡ್ತೀಯ, ಅಷ್ಟು ಚೆನ್ನಾಗಿ ರಿಪೇರಿ ಮಾಡಿದ್ದೀಯಲ್ಲ, ಕಾರೇ ತಗೊಂಡು ಹೋಗು. ಇಷ್ಟು ವರ್ಷದ ಮೇಲೆ ಗಂಡ ತನ್ನ ಕೆಲಸವನ್ನು ಹೊಗಳಿದನಲ್ಲ ಎಂದು ಅವಳು ದಿನವಿಡೀ ಹಿಗ್ಗಿದ್ದಳು.

"ಯಾಕೆ, ಉಣ್ಣಾಕಾಗ್ತಿಲ್ವಾ?" ಎಂದ ಸಿದ್ದಯ್ಯ.

"ತಲೆನೋವು," ಎಂದಳು.

ಅವನು ಮೋಂಬತ್ತಿ ಆರಿಸಿ ಎದುರಿಗೆ ಕೂ‌ತ. ಅವಳನ್ನು ಒಂದು ಗಳಿಗೆ ದಿಟ್ಟಿಸಿದ. ಆಮೇಲೆ ಮರೆತಿದ್ದು ಈಗ ನೆನಪಾಯಿತೆಂಬಂತೆ ಹೇಳಿದ.

"ಅಯ್ಯೋ, ಹೇಳೋದೇ ಮರ್ತಿದ್ದೆ. ಆಸ್ಪತ್ರೆಯಿಂದ ಫೋನ್ ಬಂದಿತ್ತು. ಹನುಮಂತ ಕಣ್ ಬುಟ್ನಂತೆ."

ಸರಸಮ್ಮ ಎದ್ದು ನಿಂತಳು. ಸಂತೋಷ ಉಕ್ಕಿ ಬರಬೇಕಾದ ಜಾಗದಲ್ಲಿ ಭಯ ಬಂತು.

"ಮಾತು ಇನ್ನೂ ಸರ್ಯಾಗಿ ಹೊರಡ್ತಿಲ್ವಂತೆ. ಅಕ್ಕನ್ ಕರೀರಿ, ಅಕ್ಕನಿಗೇನೋ ಹೇಳ್ಬೇಕು ಅಂತವ್ನಂತೆ. ಬುಧವಾರ ಕಾರ್ ಎತ್ತೋವಾಗ ಓಣಿಲಿ ಏನೋ ಕಂಡ್ನಂತೆ." ಸಿದ್ದಯ್ಯ ಅವಳ ತಟ್ಟೆಯನ್ನು ಎತ್ತಿಕೊಂಡ. "ಬೆಳಗ್ಗೆ ಮೊದಲ್ನೇ ಬಸ್ಸಿಗೆ ನಾನು ಹೋಗ್ಬತ್ತೀನಿ. ಮಾರಮ್ಮನ್ನ ಒಸಿ ಮನೆಗೆ ಕಳಿಸಿ ನಾನೇ ಅವ್ನ ತಾವ ಕೂತ್ಕತೀನಿ."

"ನಾನೂ ಬತ್ತೀನಿ."

"ಬ್ಯಾಡ," ಎಂದ ಅವನು, ಮೆತ್ತಗೆ. "ನಿನ್ಗೆ ಬೆಳಗ್ಗೆ ಪೊಲೀಸ್ ಸ್ಟೇಷನ್ ಐತಲ್ಲ."

ಬೆಳಿಗ್ಗೆ ಠಾಣೆಗೆ ಹೋಗಬೇಕೆಂದು ಅವಳು ಅವನಿಗೆ ಹೇಳಿರಲೇ ಇಲ್ಲ. ಠಾಣೆಯವರನ್ನು ಯಾರನ್ನೋ ಅವನು ಆಗಲೇ ಕೇಳಿ ತಿಳಿದುಕೊಂಡಿರಬೇಕು.

ಸಿದ್ದಯ್ಯ ಚೀಲದ ಬಾಯಿ ಅಗಲಿಸಿ ಹಿಡಿದು, ಬಾಟಲಿ ಕೊಡು ಎಂದು ಕೈ ಚಾಚಿದ. ಸರಸಮ್ಮ ಕೊಡಲಿಲ್ಲ. ಅರಗಿಗೆ ತನ್ನ ಬೆರಳು ತಾಗದ ಹಾಗೆ ತಳದಲ್ಲಿ ಎರಡೂ ಕೈಯಿಂದ ಹಿಡಿದು, ಬಾಟಲಿಯನ್ನು ಎದೆಗೆ ಒತ್ತಿಕೊಂಡು ನಿಂತಳು. ಅವನ ಕೈ ಚಾಚಿದ ಹಾಗೇ ಇತ್ತು.